ಜಾಹೀರಾತಿನ ಬರಹ ಎಷ್ಟು ಉದ್ದವಿರಬೇಕು?

ಜಾಹೀರಾತು ಐವತ್ತು ಪದ ಮೀರಬಾರದೆಂದು ಒಬ್ಬರು, ಎಲ್ಲವನ್ನೂ ವಿವರಿಸಬೇಕೆಂದು ಇನ್ನೊಬ್ಬರು ಹೇಳುತ್ತಾರೆ, ಯಾರ ಮಾತು ಸರಿ ಎಂದು ಕೇಳಿದ್ದೀರಿ. ಪದಗಳ ಲೆಕ್ಕ ಹಿಡಿದು ಹೊರಟರೆ ಉತ್ತರ ಸಿಗುವುದಿಲ್ಲ. ಓದುವವರಿಗೆ ಆ ವಸ್ತುವಿನ ಬಗ್ಗೆ ಮೊದಲೇ ಎಷ್ಟು ಗೊತ್ತಿದೆ, ಹಣ ಕೊಡುವ ಮುನ್ನ ಅವರಿಗೆ ಎಷ್ಟು ಅನುಮಾನಗಳು ಬರುತ್ತವೆ ಎಂಬುದೇ ಉದ್ದವನ್ನು ತೀರ್ಮಾನಿಸುತ್ತದೆ. ದಿನವೂ ಬಳಸುವ ಸೋಪಿಗೆ ಒಂದು ಸಾಲು ಸಾಕು. ಉಳಿತಾಯದ ಹಣ ತೊಡಗಿಸಿ ಎನ್ನುವವರಿಗೆ ಅದು ಸಾಲದು.

1948ರಲ್ಲಿ ಅಮೆರಿಕದ ಷೇರು ದಲ್ಲಾಳಿ ಸಂಸ್ಥೆ ಮೆರಿಲ್ ಲಿಂಚ್ ಷೇರು ಮತ್ತು ಬಾಂಡುಗಳ ವ್ಯವಹಾರವನ್ನು ಸಾಮಾನ್ಯ ಜನರಿಗೆ ತಿಳಿಸಿಕೊಡಲು 6,000ಕ್ಕೂ ಹೆಚ್ಚು ಪದಗಳ ಜಾಹೀರಾತನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪೂರ್ಣ ಪುಟದಲ್ಲಿ ಪ್ರಕಟಿಸಿತು. ಜನರಿಗೆ ಆ ವಿಷಯ ಹೊಸದಾಗಿದ್ದುದರಿಂದ ಅಷ್ಟು ಉದ್ದಕ್ಕೆ ಕಾರಣವಿತ್ತು. ಚುಟುಕುತನಕ್ಕೆ ಉದಾಹರಣೆಯಾಗಿ ಎಲ್ಲರೂ ನೆನೆಯುವ, 1959ರ ಫೋಕ್ಸ್‌ವ್ಯಾಗನ್ ಕಂಪನಿಯ ‘ಥಿಂಕ್ ಸ್ಮಾಲ್’ ಜಾಹೀರಾತಿನಲ್ಲೂ ಪುಟದ ಬಹುಭಾಗ ತುಂಬಿದ್ದ ಖಾಲಿ ಜಾಗದ ಕೆಳಗೆ ಕಾರಿನ ಖರ್ಚುವೆಚ್ಚದ ವಿವರ ಇದ್ದೇ ಇತ್ತು; ನೆನಪಿನಲ್ಲಿ ಶೀರ್ಷಿಕೆಯಷ್ಟೇ ಉಳಿದಿದೆ.

ನಾನು ಮೊದಲು ಕೊಳ್ಳುವವರು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು, ಒಂದೊಂದಕ್ಕೂ ಉತ್ತರ ಬರೆದು, ಆಮೇಲೆ ಕತ್ತರಿ ಹಿಡಿಯುತ್ತೇನೆ. ನೀರಿನ ಫಿಲ್ಟರ್ ಒಂದಕ್ಕೆ ಬರೆದಾಗ ‘ಅತ್ಯುತ್ತಮ ಗುಣಮಟ್ಟ, ಸಂಪೂರ್ಣ ನಂಬಿಕೆ’ ಎಂಬ ಸಾಲನ್ನು ತೆಗೆದುಹಾಕಿದೆ, ಏಕೆಂದರೆ ಅದನ್ನು ಯಾವ ಫಿಲ್ಟರಿಗಾದರೂ ಅಂಟಿಸಬಹುದಿತ್ತು. ‘ನಲ್ಲಿಗೆ ಕೈಯಲ್ಲೇ ತಿರುಗಿಸಿ ಕೂರಿಸಬಹುದು, ಪಾನಾ ಬೇಕಿಲ್ಲ’ ಎಂಬುದು ಅದಕ್ಕಿಂತ ಉದ್ದವಾದರೂ ಉಳಿಯಿತು, ಏಕೆಂದರೆ ಜೋಡಿಸಲು ಯಾರನ್ನು ಕರೆಯಬೇಕೆಂಬ ಚಿಂತೆ ಅದರಿಂದ ತಪ್ಪುತ್ತಿತ್ತು.

ಕೆಲವೆಡೆ ಮಾಧ್ಯಮವೇ ಗೆರೆ ಎಳೆದುಬಿಡುತ್ತದೆ. ಗೂಗಲ್ ಹುಡುಕಾಟದ ಜಾಹೀರಾತಿನಲ್ಲಿ ಒಂದು ಶೀರ್ಷಿಕೆಗೆ 30, ವಿವರಣೆಗೆ 90 ಅಕ್ಷರಸ್ಥಾನಗಳ ಮಿತಿಯಿದೆ. ಇಂಗ್ಲಿಷಿನಲ್ಲಿ 160 ಸ್ಥಾನ ಸಿಗುವ ಒಂದು ಎಸ್‌ಎಂಎಸ್‌ನಲ್ಲಿ ಕನ್ನಡಕ್ಕೆ ಸಿಗುವುದು 70 ಮಾತ್ರ, ಅದರಲ್ಲೂ ಒತ್ತಕ್ಷರ, ಗುಣಿತಗಳು ಪ್ರತ್ಯೇಕವಾಗಿ ಲೆಕ್ಕಕ್ಕೆ ಸೇರುತ್ತವೆ. ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ಉತ್ಕೃಷ್ಟ’ ಅಲ್ಲಿ ಎಂಟು ಸ್ಥಾನ ನುಂಗುತ್ತದೆ, ಹೇಳುವುದೋ ಏನೂ ಇಲ್ಲ. ಇಂಥ ಕಡೆ ಒಂದೇ ಮಾತನ್ನು ಆರಿಸಿಕೊಂಡು, ಉಳಿದುದನ್ನು ಕೊಂಡಿ ಒತ್ತಿದಾಗ ತೆರೆಯುವ ಪುಟಕ್ಕೆ ಬಿಡಿ.

ಅಂತಿಮ ಕರಡನ್ನು ಆ ವಸ್ತುವಿನ ಬಗ್ಗೆ ಏನೂ ತಿಳಿಯದ ಒಬ್ಬರ ಕೈಗೆ ಕೊಟ್ಟು, ಸುಮ್ಮನೆ ಎದುರು ಕುಳಿತಿರಿ. ಅವರ ಕಣ್ಣು ಸಾಲು ಹಾರಿಸಿದ ಕಡೆ ಕತ್ತರಿಸಿ. ಓದಿ ಮುಗಿಸಿದ ಮೇಲೂ ಅವರು ಪ್ರಶ್ನೆ ಕೇಳಿದರೆ ಅದರ ಉತ್ತರವನ್ನು ಸೇರಿಸಿ.