ಉಪ್ಪುನೀರಿನ ಅಕ್ವೇರಿಯಂ ದೊಡ್ಡದು ಮಾಡುವಾಗ ಹಳೆ ಮರಳನ್ನು ಏನು ಮಾಡಬೇಕು?

ಹಾಗೇ ಎತ್ತಿ ದೊಡ್ಡ ಟ್ಯಾಂಕಿಗೆ ಸುರಿಯಬೇಡಿ. ಚೆನ್ನಾಗಿ ತೊಳೆದು ಹಾಕಿ, ಇಲ್ಲವೇ ಹೊಸ ಅರಗೊನೈಟ್ ಮರಳು (ಕ್ಯಾಲ್ಸಿಯಂ ಕಾರ್ಬೊನೇಟ್‌ನ ಮರಳು) ತನ್ನಿ.

ಕಾರಣ ಮರಳಿನ ಅಡಿಯಲ್ಲಿದೆ. ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ ಎಲ್ಲ ಕೆಳಗಿಳಿದು ಕೂತಿರುತ್ತದೆ. ಕದಲಿಸದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕೆದಕಿದರೆ ಅದು ಒಮ್ಮೆಲೇ ನೀರಿಗೆ ಬಂದು ಕೊಳೆಯುತ್ತದೆ, ಅಮೋನಿಯಾ ಏರುತ್ತದೆ. ಉಪ್ಪುನೀರಿನ ಟ್ಯಾಂಕಿನ ಪಿಎಚ್ 8.1ರಿಂದ 8.4ರ ಆಸುಪಾಸು ಇರುತ್ತದಲ್ವಾ? ಪಿಎಚ್ ಏರಿದಷ್ಟೂ ಅಮೋನಿಯಾದಲ್ಲಿ ವಿಷದ ಪಾಲು ಜಾಸ್ತಿ. ಹಾಗಾಗಿ ಇಲ್ಲಿ ಸ್ವಲ್ಪ ಅಮೋನಿಯಾ ಕೂಡ ಅಪಾಯವೇ. ಆಳದ ಮರಳು ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್, ಅದೂ ವಿಷವೇ. ಅಂಥ ಮರಳನ್ನು ಉಳಿಸಲು ಹೋಗಬೇಡಿ.

ತೊಳೆಯುವುದಾದರೆ ಬಕೆಟ್ಟಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ನಲ್ಲಿ ನೀರು ಬಿಟ್ಟು ಕೈಯಾಡಿಸಿ. ಮೊದಲು ಕಂದು ರಾಡಿ ಬರುತ್ತದೆ. ನೀರು ತಿಳಿಯಾಗುವವರೆಗೆ ತೊಳೆಯುತ್ತಲೇ ಇರಿ. ಕೊನೆಗೊಮ್ಮೆ ಆರ್‌ಒ ನೀರಿನಲ್ಲಿ ಜಾಲಿಸಿ.

ಅಮೋನಿಯಾವನ್ನು ತಿಂದು ಕಡಿಮೆ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಹೋಗುವುದಿಲ್ಲವೇ? ಮರಳಿನದ್ದು ಬಹುಪಾಲು ಹೋಗುತ್ತದೆ. ಆದರೆ ಲೈವ್ ರಾಕ್, ಅಂದರೆ ಬ್ಯಾಕ್ಟೀರಿಯಾ ನೆಲೆಸಿದ ಕಲ್ಲು, ಸಾಕಷ್ಟಿದ್ದರೆ ಅದೇ ಕೆಲಸ ನಡೆಸುತ್ತದೆ. ಕಲ್ಲನ್ನು ಒಣಗಲು ಬಿಡದೆ ಹಳೆ ಟ್ಯಾಂಕಿನ ನೀರಲ್ಲೇ ಮುಳುಗಿಸಿ ಸಾಗಿಸಿ. ನಿಮ್ಮದೇ ಮರಳಿನ ಮೇಲ್ಪದರದಿಂದ ಒಂದು ಲೋಟದಷ್ಟು ತೊಳೆಯದೆ ಸೇರಿಸಿ, ಬ್ಯಾಕ್ಟೀರಿಯಾ ಜೊತೆ ಉಪಯೋಗಕ್ಕೆ ಬರುವ ಸಣ್ಣ ಹುಳುಗಳೂ ಬರುತ್ತವೆ.

ಸೆಕೆಂಡ್ ಹ್ಯಾಂಡ್ ಟ್ಯಾಂಕಿನ ಜೊತೆ ಬಂದ ಮರಳನ್ನಂತೂ ನಾನಾದರೆ ಎಸೆಯುತ್ತೇನೆ. ಹಿಂದಿನವರು ತಾಮ್ರದ ಔಷಧಿ ಹಾಕಿದ್ದರೆ ಅದು ಮರಳಿಗೆ ಅಂಟಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತದೆ. ಸೀಗಡಿ, ಬಸವನಹುಳು, ಹವಳ ಅದನ್ನು ತಡೆದುಕೊಳ್ಳುವುದಿಲ್ಲ.

ಮೊದಲ ವಾರ ದಿನಾ ಅಮೋನಿಯಾ ಪರೀಕ್ಷಿಸಿ. ಕಾಣಿಸಿದರೆ ಕೂಡಲೇ ಸ್ವಲ್ಪ ನೀರು ಬದಲಿಸಿ.