ಮೊಟ್ಟೆಯಲ್ಲೇ ಬರುವ ವೈರಸ್ ಬೇರೆ ಜಾತಿಗೆ ಹೋಗಿದ್ದು ಹೇಗೆ?

ಪ್ರಶ್ನೆ: ಹಣ್ಣು ನೊಣಗಳ ಸಿಗ್ಮಾ ವೈರಸ್ ತಂದೆ ತಾಯಿಯಿಂದ ಮಕ್ಕಳಿಗೆ ಮಾತ್ರ ಬರುತ್ತದಂತೆ, ಒಂದರಿಂದ ಇನ್ನೊಂದಕ್ಕೆ ಅಂಟುವುದಿಲ್ಲವಂತೆ. ಹಾಗಿದ್ದರೆ ಬೇರೆ ಬೇರೆ ಜಾತಿಯ ನೊಣಗಳಲ್ಲಿ ಅದು ಇರುವುದು ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿರಸಿ

ಉತ್ತರ: ಒಳ್ಳೆ ಪ್ರಶ್ನೆ ಕೇಳಿದಿರಿ. ಸಿಗ್ಮಾ ರೇಬೀಸ್ ವೈರಸ್ಸಿನ ದೂರದ ನೆಂಟ. ಸಿಕ್ಕಿದ್ದು 1937ರಲ್ಲಿ, ಫ್ರಾನ್ಸಿನಲ್ಲಿ. ಪ್ರಯೋಗಾಲಯದಲ್ಲಿ ನೊಣಗಳನ್ನು ಎಣಿಸಬೇಕಾದರೆ ಮೊದಲು ಮಂಪರು ಬರಿಸಬೇಕು. ನಾವು ಎಂ.ಎಸ್ಸಿ.ಯಲ್ಲಿ ಈಥರ್ ಹಾಕುತ್ತಿದ್ದೆವು. ಸ್ವಲ್ಪ ಜಾಸ್ತಿ ಆಯಿತೋ, ರೆಕ್ಕೆ ಮೇಲೆತ್ತಿಕೊಂಡು ಸತ್ತೇ ಹೋಗುತ್ತಿದ್ದವು. ಫ್ರಾನ್ಸಿನ ವಿಜ್ಞಾನಿಗಳಾದ ಲೆರಿತಿಯೇ ಮತ್ತು ತೆಸಿಯೇ ಕಾರ್ಬನ್ ಡೈ ಆಕ್ಸೈಡ್ ಬಳಸಿದರು. ಮಾಮೂಲಿ ನೊಣ ಅದರಿಂದ ಬೇಗ ಎದ್ದು ಓಡಾಡುತ್ತದೆ. ಒಂದು ತಳಿಯವು ಮಾತ್ರ ಏಳಲೇ ಇಲ್ಲ. ಅದಕ್ಕೆ ಕಾರಣ ಈ ವೈರಸ್ ಎಂದು ಆಮೇಲೆ ಗೊತ್ತಾಯಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ವೈರಸ್ ವಂಶದೊಳಗೇ ಇದ್ದಿದ್ದರೆ ನೊಣಗಳ ವಂಶವೃಕ್ಷವೂ ವೈರಸ್‌ಗಳ ವಂಶವೃಕ್ಷವೂ ಒಂದೇ ತರ ಕವಲೊಡೆಯಬೇಕಿತ್ತು, ಅಲ್ವಾ? ಬ್ರಿಟನ್ನಿನ ಬೆನ್ ಲಾಂಗ್ಡನ್, ಫ್ರಾಂಕ್ ಜಿಗ್ಗಿನ್ಸ್ ಮತ್ತು ಜೊತೆಗಾರರು 2011ರಲ್ಲಿ ಎರಡನ್ನೂ ಹೋಲಿಸಿ ನೋಡಿದರು. ತಾಳೆಯಾಗಲಿಲ್ಲ. ನಮ್ಮಲ್ಲೂ ಇರುವ ಡ್ರೊಸೊಫಿಲ ಅನನಾಸೆ ಎಂಬ ಹಣ್ಣು ನೊಣದಲ್ಲಿ ಒಂದು ಸಿಗ್ಮಾ ಸಿಕ್ಕಿತು. ಮನೆ ನೊಣದ ಕುಟುಂಬದ ಇನ್ನೊಂದು ನೊಣದಲ್ಲೂ ಸಿಕ್ಕಿತು! ಅಂದರೆ ವೈರಸ್ ಹಿಂದೆ ಎಷ್ಟೋ ಸಲ ಜಾತಿ ದಾಟಿದೆ.

ಎಲ್ಲಿಗೆ ದಾಟಬಹುದು? ಅದೇ ತಂಡ ಮೂರು ಸಿಗ್ಮಾ ವೈರಸ್‌ಗಳನ್ನು 51 ಜಾತಿಯ ನೊಣಗಳಿಗೆ ಸೂಜಿಯಿಂದ ಚುಚ್ಚಿ ಪರೀಕ್ಷಿಸಿತು. ಮೂಲ ನೊಣಕ್ಕೆ ಹತ್ತಿರದ ಸಂಬಂಧಿಯಾದಷ್ಟೂ ವೈರಸ್ ಚೆನ್ನಾಗಿ ಬೆಳೆಯಿತು. ಜೊತೆಗೆ, ತಮ್ಮತಮ್ಮಲ್ಲಿ ಹತ್ತಿರವಿರುವ ಜಾತಿಗಳಲ್ಲಿ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ದೂರದ ಗುಂಪಿನ ಒಂದು ಜಾತಿ ವೈರಸ್‌ಗೆ ಒಗ್ಗಿದರೆ ಆ ಇಡೀ ಗುಂಪೇ ಒಗ್ಗಬಹುದು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದು.

ಕಾಡಿನಲ್ಲಿ ಸೂಜಿ ಹಿಡಿಯುವವರು ಯಾರು? ಅನುಮಾನ ನುಸಿಗಳ (ಮೈಟ್) ಮೇಲೆ. ಜೇನುಹುಳದ ಮೈಗೆ ಅಂಟಿಕೊಳ್ಳುವ ವರೋವಾ ನುಸಿ ರೆಕ್ಕೆ ಮುದುಡಿಸುವ ವೈರಸ್ ಹರಡುವುದನ್ನು ಜೇನು ಸಾಕುವವರು ಬಲ್ಲರು. ಹಣ್ಣು ನೊಣಗಳಲ್ಲೂ ತಾಯಿಯಿಂದ ಮಕ್ಕಳಿಗೆ ಬರುವ ಒಂದು ಬ್ಯಾಕ್ಟೀರಿಯಾವನ್ನು ನುಸಿಗಳು ಬೇರೆ ಜಾತಿಗೆ ದಾಟಿಸಿದ್ದನ್ನು 2007ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ.

ಇಂಥ ದಾಟುವಿಕೆ ದಿನಾ ನಡೆಯಬೇಕಿಲ್ಲ, ಅಪರೂಪಕ್ಕೊಮ್ಮೆ ಸಾಕು. ಸಿಗ್ಮಾ ಮೊಟ್ಟೆಯ ಮೂಲಕವಷ್ಟೇ ಅಲ್ಲ, ಗಂಡಿನ ವೀರ್ಯದ ಮೂಲಕವೂ ಹೋಗುತ್ತದೆ. ಎರಡೂ ಕಡೆಯಿಂದ ಹರಡುವುದರಿಂದ ನೊಣಕ್ಕೆ ಒಂದಿಷ್ಟು ತೊಂದರೆ ಕೊಟ್ಟರೂ ಹೊಸ ಜಾತಿಯಲ್ಲಿ ಉಳಿದುಕೊಳ್ಳುತ್ತದೆ.