ಸಾಕುಪ್ರಾಣಿಗಳ ಕರುಳಿನಲ್ಲಿ ನೆಲೆಯೂರಲು ರೋಗಕಾರಕ ಬ್ಯಾಕ್ಟೀರಿಯಾಗಳು ಹೇಗೆ ಪೈಪೋಟಿ ನಡೆಸುತ್ತವೆ?

ಕರುಳಿನಲ್ಲಿ ಖಾಲಿ ಜಾಗವೆಂಬುದೇ ಅಪರೂಪ. ಹೊಸದಾಗಿ ಬಂದ ರೋಗಾಣು ಮೊದಲು ಅಲ್ಲಿ ಕಾಲೂರಬೇಕು. ದನಗಳಲ್ಲಿ ಇ. ಕೋಲೈ ಒ157 ಎಂಬ ಬ್ಯಾಕ್ಟೀರಿಯಾ ತಳಿ ಮುಖ್ಯವಾಗಿ ಆರಿಸಿಕೊಳ್ಳುವುದು ಗುದನಾಳದ ತುದಿಯನ್ನು. ಸೂಜಿಯಂಥ ರಚನೆಯಿಂದ ‘ಟಿರ್’ ಎಂಬ ಪ್ರೋಟೀನನ್ನು ಕರುಳಿನ ಜೀವಕೋಶದೊಳಗೆ ತೂರಿಸಿ, ಬಳಿಕ ಅದನ್ನೇ ಹಿಡಿದು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಾನು ಹಿಡಿಯಬೇಕಾದ ಗೂಟವನ್ನು ತಾನೇ ನೆಟ್ಟುಕೊಳ್ಳುವ ಈ ಜಾಣತನ ನನಗೆ ಇಂದಿಗೂ ಬೆರಗು.

ಜಾಗ ಸಿಕ್ಕರೆ ಸಾಲದು, ಬೆಳೆಯಲು ಬೇಕಾದ ಕಬ್ಬಿಣಕ್ಕೂ ಕಾದಾಟವಿದೆ: ಸಾಲ್ಮೊನೆಲ್ಲಾ ಎಂಬ ಇನ್ನೊಂದು ರೋಗಕಾರಕ ಬ್ಯಾಕ್ಟೀರಿಯಾ ಕಬ್ಬಿಣವನ್ನು ಸೆಳೆದು ತರುವ ಅಣುಗಳನ್ನು ಹೊರಬಿಡುತ್ತದೆ. ಕೆಲವು ಇ. ಕೋಲೈ ತಳಿಗಳು ಕೊಲಿಸಿನ್ ಎಂಬ ವಿಷದಿಂದ ಹತ್ತಿರದ ಬಂಧುಗಳನ್ನೇ ಕೊಲ್ಲುತ್ತವೆ.

ಆದರೂ ಮೊದಲು ಬಂದು ಕುಳಿತವರಿಗೇ ಹೆಚ್ಚಾಗಿ ಮೇಲುಗೈ. ಬೆಳೆದ ಕೋಳಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಆಗಷ್ಟೇ ಮೊಟ್ಟೆಯೊಡೆದ ಮರಿಗಳಿಗೆ ಕೊಟ್ಟರೆ ಸಾಲ್ಮೊನೆಲ್ಲಾ ನೆಲೆಯೂರಲು ತಿಣುಕುತ್ತದೆ ಎಂಬುದನ್ನು ಫಿನ್ಲೆಂಡಿನ ವಿಜ್ಞಾನಿಗಳಾದ ನುರ್ಮಿ ಮತ್ತು ರಂಟಾಲ 1973ರಲ್ಲೇ ತೋರಿಸಿದರು.